ಜಲಜಾಕ್ಷಿಯ ಕೂವಂ

ಮಣ್ಣು ಹಾಕುತ್ತೇನೆ ಎಂದು ಜಲಜಾಕ್ಷಿ ಹೇಳಿದ್ದು ಒಂದೇ ಸಲ. ಅಷ್ಟಕ್ಕೇ ಪೆರಂಬೂರಿನ ಆ ಮನೆಯಲ್ಲಿ ಊಟಕ್ಕೆ ಕೂತಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ನಕ್ಕರು. ಮೊದಲು ನಕ್ಕವನು ಮೈದುನ ಕಿಟ್ಟು. ತಮ್ಮ ನಕ್ಕನಲ್ಲ ಎಂದು ಗಂಡ ಸಂಜೀವನೂ ನಕ್ಕ. ಮಗಳು ಅಕ್ಷಯಾ ಫೋನಿನಿಂದ ತಲೆ ಎತ್ತದೆಯೇ ನಕ್ಕಳು. ಅತ್ತೆ ಭೀಮಾಬಾಯಿ ಮಾತ್ರ ನಗಲಿಲ್ಲ. ಎಂಬತ್ಮೂರರ ಅವರ ಕಿವಿಗೆ ಬೇಕಾದದ್ದು ಮಾತ್ರ ಕೇಳಿಸುತ್ತಿತ್ತು, ಮತ್ತು ಆ ಹೊತ್ತಿನಲ್ಲಿ ಅವರ ಗಮನವೆಲ್ಲ ಎಲೆಯ ಮೇಲಿದ್ದ ಹೆಸರುಬೇಳೆ ತೊವ್ವೆಯಲ್ಲಿತ್ತು. ಚಾತುರ್ಮಾಸ್ಯದ ಶಾಕವ್ರತ ನಡೆಯುತ್ತಿದ್ದರಿಂದ ಅಡುಗೆಯಲ್ಲಿ ತರಕಾರಿಯೇ ಇರಲಿಲ್ಲ, ಆ ಬೇಸರವನ್ನೂ ಸೇರಿಸಿಯೇ ಕಿಟ್ಟು ಮಾತಾಡಿದ.

"ಅತ್ತಿಗೆ, ಗಾಜಿನ ತೊಟ್ಟೀಲಿ ಮಣ್ಣು ಹಾಕಿ ನೀರು ಬಿಟ್ರೆ, ಅದಕ್ಕೆ ಈ ಊರಲ್ಲಿ ಆಗ್ಲೇ ಒಂದು ಹೆಸರಿದೆ. ಕೂವಂ ಅಂತಾರೆ."

ಮದರಾಸಿನಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತಿನ ಏಟು ಬಿಡಿಸಿ ಹೇಳಬೇಕಾಗಿಲ್ಲ. ಊರ ನಡುವೆ ಕರ್ರಗೆ ಹರಿಯುವ ಆ ನದಿಯ ಸೇತುವೆ ಬಂತೆಂದರೆ ಬಸ್ಸಿನಲ್ಲಿ ನಿದ್ದೆ ಮಾಡುವವರೂ ಮೂಗು ಮುಚ್ಚಿಕೊಳ್ಳುತ್ತಾರೆ. ಜಲಜಾಕ್ಷಿ ಎಲ್ಲರ ನಗು ಮುಗಿಯುವ ತನಕ ಕಾದು, ಕಿಟ್ಟುವಿನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಬೇಡ ಎಂದು ಅವನು ಕೈ ಅಡ್ಡ ಹಿಡಿದಿದ್ದ. ಬೆರಳ ಸಂದಿಯಲ್ಲೇ ಹಾಕಿದಳು.

ತೊಟ್ಟಿ ಬಂದದ್ದು ಮೇಲಿನ ಮನೆಯಿಂದ. ಗಿರಿಧರ್ ಎಂಬುವರು ಹೈದರಾಬಾದಿಗೆ ವರ್ಗವಾಗಿ ಹೋಗುವಾಗ, ಸಾಗಿಸಲಾಗದೆ, ಯಾರಿಗಾದರೂ ಬೇಕೇ ಎಂದು ಲಿಫ್ಟಿನ ಪಕ್ಕ ಚೀಟಿ ಅಂಟಿಸಿದ್ದರು. ಚೀಟಿ ಒಣಗುವ ಮೊದಲೇ ಜಲಜಾಕ್ಷಿ ಹೋಗಿ ಕೇಳಿದಳು. ಮೂರಡಿ ಉದ್ದದ, ಒಂದೂವರೆ ಅಡಿ ಅಗಲದ ಖಾಲಿ ಗಾಜಿನ ತೊಟ್ಟಿ ಹಾಲಿನ ಮೂಲೆಗೆ ಬಂದು ಕೂತಿತು. ಆ ಹಾಲಿನಲ್ಲಿ ಸೋಫಾ ಆರಿಸಿದವನು ಕಿಟ್ಟು, ಟಿ.ವಿ. ಸಂಜೀವನದು, ಪರದೆಗಳು ಅಕ್ಷಯಾಳವು, ದೇವರ ಮನೆಯ ಬಾಗಿಲು ಅತ್ತೆಯದು. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ಜಲಜಾಕ್ಷಿ ತನಗೆಂದು ಕೇಳಿದ್ದು ಆ ಮೂಲೆಯೊಂದೇ. ಬಲಿಯ ಹತ್ತಿರ ವಾಮನ ಕೇಳಿದ್ದೂ ಮೂರಡಿಯೇ. ಆದರೆ ಅಲ್ಲಿ ಶುಕ್ರಾಚಾರ್ಯರು ಅಡ್ಡ ಬಂದದ್ದು ಕೊಡುವ ಮುಂಚೆ, ಒಂದು ಕಣ್ಣು ಕಳೆದುಕೊಂಡು ಸುಮ್ಮನಾದರು. ಇಲ್ಲಿಯ ಶುಕ್ರಾಚಾರ್ಯ ಕಿಟ್ಟು ಬಂದದ್ದು ಕೊಟ್ಟ ಮೇಲೆ, ಎರಡೂ ಕಣ್ಣು ಭದ್ರವಾಗಿದ್ದವು.

ಕಿಟ್ಟು ಆಡಿಟರ್. ಟಿ. ನಗರದ ಅವನ ಫ್ಲ್ಯಾಟಿನಲ್ಲಿ ಐದಡಿಯ ತೊಟ್ಟಿಯಿದೆ. ತಳಕ್ಕೆ ವಿದೇಶದಿಂದ ಬಂದ ಕಪ್ಪು ಮಣ್ಣಿನ ಕಾಳು, ನೀರಿಗೆ ಗ್ಯಾಸಿನ ಸಿಲಿಂಡರ್, ವಾರಕ್ಕೊಮ್ಮೆ ಬಂದು ತೊಳೆದುಕೊಡಲು ಒಬ್ಬ ಆಳು. ಅತ್ತಿಗೆಗೂ ಅಂಥದ್ದೇ ಮಾಡಿಕೊಡುತ್ತೇನೆ, ಮೂರು ಚೀಲ ಕಾಳು ಸಾಕು, ಖರ್ಚೆಲ್ಲ ತನ್ನದು ಎಂದ. ಮೂರು ಚೀಲಕ್ಕೆ ಈ ಮನೆಯ ಎರಡು ತಿಂಗಳ ದಿನಸಿ ಬರುತ್ತಿತ್ತು. ಅವನ ಕೈ ದೊಡ್ಡದು, ಅದರಲ್ಲಿ ಸುಳ್ಳಿಲ್ಲ. ಆದರೆ ಕೊಟ್ಟ ಮೇಲೂ ಆ ಕೈ ಕೊಟ್ಟ ವಸ್ತುವಿನ ಮೇಲೆಯೇ ಇರುತ್ತದೆ. ಸೋಫಾ ಕೊಟ್ಟು ಹನ್ನೊಂದು ವರ್ಷವಾದರೂ ಬಂದಾಗಲೆಲ್ಲ ಅದನ್ನು ಎರಡಿಂಚು ಗೋಡೆಯ ಕಡೆ ತಳ್ಳಿಯೇ ಕೂರುತ್ತಾನೆ. ತೊಟ್ಟಿಯ ವಿಷಯಕ್ಕೂ ಷರತ್ತು ಹಾಕಿದ: ಜೋಡಿಸುವವನು ತಾನು, ಅತ್ತಿಗೆ ಕೂತು ನೋಡಿದರೆ ಸಾಕು.

ಕೂತು ನೋಡುವುದರಲ್ಲಿ ಜಲಜಾಕ್ಷಿಗೆ ಇಪ್ಪತ್ತಾರು ವರ್ಷದ ಅನುಭವವಿತ್ತು. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ್ದಳು. ಕಾಲೇಜಿನ ಲ್ಯಾಬಿನಲ್ಲಿ ಹೈಡ್ರಿಲಾ ಗಿಡವನ್ನು ನೀರಿನಲ್ಲಿಟ್ಟು, ಬಿಸಿಲಿಗೆ ಅದರಿಂದ ಏಳುವ ಗುಳ್ಳೆ ಎಣಿಸಿ ಬರೆದದ್ದೇ ಅವಳ ವಿಜ್ಞಾನದ ಕೊನೆಯ ಸುಖ. ಆಮೇಲೆ ರೈಲ್ವೆ ಕೆಲಸ ಸಿಕ್ಕಿತು, ನಿವೃತ್ತಿ ಪಡೆಯುವ ತನಕ ರಿಸರ್ವೇಶನ್ ಕೌಂಟರಿನ ಗಾಜಿನ ಹಿಂದೆ ಕೂತಳು. ಗಾಜಿನ ಕೆಳಗೆ ಅರ್ಧಚಂದ್ರದ ಒಂದು ಕಿಂಡಿ. ಕೊಡಬೇಕಾದದ್ದು ಫಾರಂ, ಆದರೆ ಜನ ಫಾರಂ ಜೊತೆಗೆ ಮೊಣಕೈ ತನಕ ತೋಳನ್ನೂ ತೂರಿಸಿ, ಇಲ್ಲಿ ಬರಿಯಮ್ಮ, ಅದನ್ನು ಒತ್ತಮ್ಮ ಎಂದು ಅವಳ ಮೇಜಿನ ಮೇಲೇ ಬೆರಳಾಡಿಸುತ್ತಿದ್ದರು. ಅಂಥವರಿಗೆಲ್ಲ ಅವಳದು ಒಂದೇ ಮಾತು, ಏರದ ಇಳಿಯದ ದನಿಯಲ್ಲಿ: "ಕೈಯ ಎಡುಂಗ ಸಾರ್." ಕೈ ತೆಗೀರಿ ಎಂದು. ಆಮೇಲೆ, "ನೆಕ್ಸ್ಟ್." ಪುಂಡರು, ವಕೀಲರು, ಪೊಲೀಸಿನವರು ಎಲ್ಲರೂ ಆ ದನಿಗೆ ಕೈ ತೆಗೆದಿದ್ದರು. ಆ ದನಿಯನ್ನು ಅವಳು ಮನೆಗೆ ಮಾತ್ರ ಒಂದು ದಿನವೂ ತಂದಿರಲಿಲ್ಲ.

ಆ ದಿನವೂ ತರಲಿಲ್ಲ. ಮೆಲ್ಲಗೇ ಹೇಳಿದಳು, ಒಂದು ಮಂಡಲ ಸಮಯ ಕೊಡಿ ಎಂದು. ನಲವತ್ತೆಂಟು ದಿನದಲ್ಲಿ ನೀರು ತಿಳಿಯಾಗಿ ಗಿಡ ಬೇರು ಬಿಡದಿದ್ದರೆ ಕಿಟ್ಟು ತನ್ನ ಚೀಲ ತರಲಿ, ಆಳು ತರಲಿ, ತಾನು ಸೋಫಾದಲ್ಲಿ ಕೂತು ನೋಡುತ್ತೇನೆ. ಅಲ್ಲಿಯ ತನಕ ಆ ಮೂಲೆ ತನ್ನದು. ಸರಿ ಎಂದ ಕಿಟ್ಟು, ಕೈ ತೊಳೆದು ಬಂದು ಫೋನಿನ ಕ್ಯಾಲೆಂಡರಿನಲ್ಲಿ ದಿನಾಂಕ ಗುರುತು ಹಾಕಿಕೊಂಡ. ಆಡಿಟರ್ ಅಲ್ಲವೆ.

ಮರುದಿನ ಜಲಜಾಕ್ಷಿ ಬಸ್ಸು ಹಿಡಿದು ಕೊಳತ್ತೂರಿಗೆ ಹೋದಳು. ಬಣ್ಣದ ಮೀನು ಬೇಕೆಂದರೆ ಊರೆಲ್ಲ ಹೋಗುವುದು ಅಲ್ಲಿಗೇ. ಸಾಲು ಸಾಲು ಅಂಗಡಿ, ರಸ್ತೆಗೆಲ್ಲ ನೀರಿನ ವಾಸನೆ. ಮೊದಲ ನಾಲ್ಕು ಅಂಗಡಿಯವರು ಅವಳನ್ನು ಮೇಲಿಂದ ಕೆಳಗೆ ನೋಡಿ, ಕಿಟ್ಟು ಹೇಳಿದ ಚೀಲವನ್ನೇ ತೋರಿಸಿದರು. ಐದನೆಯವನು ಗುಲಾಬಿ ಬಣ್ಣ ಹಚ್ಚಿದ ಜಲ್ಲಿ ತೋರಿಸಿದ. ಆರನೆಯದು ಅಂಗಡಿಯೂ ಅಲ್ಲ, ಓಣಿಯ ಕೊನೆಯ ಶೀಟಿನ ಮನೆ. ಅಲ್ಲಿ ಸೆಲ್ವಿ ಎಂಬ ಹೆಂಗಸು ಸಿಮೆಂಟ್ ತೊಟ್ಟಿಗಳಲ್ಲಿ ನೀರುಗಿಡ ಬೆಳೆಸಿ ಅಂಗಡಿಗಳಿಗೆ ಕೊಡುತ್ತಿದ್ದಳು. ಜಲಜಾಕ್ಷಿ ಬಗ್ಗಿ ನೋಡಿದಳು. ತಳದಲ್ಲಿ ಸಾದಾ ಮಣ್ಣು, ಮೇಲೆ ಮರಳು. ಗಿಡಗಳೋ, ಮದುವೆ ಮನೆಯ ಬಾಗಿಲಿಗೆ ಕಟ್ಟಬಹುದಾದಷ್ಟು ಹಸಿರು.

ಇದಕ್ಕೆ ಚೀಲದ ಮಣ್ಣು ಬೇಡವೇ ಎಂದು ಕೇಳಿದಳು. ಸೆಲ್ವಿ ಸೆರಗಿಗೆ ಕೈ ಒರೆಸಿಕೊಂಡು, "ಚೆಡಿಕ್ಕು ಪಡಿಕ್ಕ ತೆರಿಯಾದುಮ್ಮಾ," ಎಂದಳು. ಗಿಡಕ್ಕೆ ಓದಲು ಬರುವುದಿಲ್ಲ, ಚೀಲದ ಮೇಲೆ ಏನು ಬರೆದಿದೆಯೋ ಅದಕ್ಕೇನು ಗೊತ್ತು. ಜಲಜಾಕ್ಷಿಗೆ ಆ ಹೆಂಗಸಿನ ಮೇಲೆ ತಟ್ಟನೆ ಪ್ರೀತಿ ಬಂತು. ಬಕೆಟ್ ಬೋರಲು ಹಾಕಿ ಕೂತು ಪಾಠ ಹೇಳಿಸಿಕೊಂಡಳು. ಮಣ್ಣು ಒಂದೇ ಅಂಗುಲ, ಅದರ ಮೇಲೆ ಮರಳು ಒಂದೂವರೆ ಅಂಗುಲ, ಮಣ್ಣು ಮೇಲೇಳದಂತೆ. ಹೊಸ ಗೊಬ್ಬರದ ಮಣ್ಣು ಬೇಡ, ನೀರು ಕೊಳೆಯುತ್ತದೆ. ಹಳೆಯ, ದಣಿದ ಮಣ್ಣಾಗಬೇಕು. ಹಲವು ಸಲ ನೆನೆದು ಹಲವು ಸಲ ಒಣಗಿರಬೇಕು. ಅದಕ್ಕೆ ಒಂದು ಹಿಡಿ ಜೇಡಿಮಣ್ಣು ಸೇರಿಸಿದರೆ ಬೇರು ಗಟ್ಟಿ ಹಿಡಿಯುತ್ತದೆ. ಮರಳನ್ನು ತಂದವಳೇ ನಿಂಬೆರಸ ಹಿಂಡಿ ನೋಡಬೇಕು, ನೊರೆ ಬಂದರೆ ಸುಣ್ಣವಿದೆ ಎಂದು ಅರ್ಥ, ಎಸೆಯಬೇಕು. ಇಷ್ಟೇ. ಒಂದು ಕಟ್ಟು ಹೈಡ್ರಿಲಾವನ್ನೂ ಉದ್ದೆಲೆಯ ವಲ್ಲಿಸ್ನೇರಿಯಾವನ್ನೂ ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟಳು.

ಜಲಜಾಕ್ಷಿ ಪರೀಕ್ಷೆಗೆ ನಿಂತಳು ನೋಡಿ. ಹಿಂದೆ ಐದು ವರ್ಷ ಕೆಲಸ ಮಾಡಿದ್ದ, ಕಡಲಂಚಿನ ರಾಯಪುರಂಗೆ ಹೋಗಿ, ದೋಣಿ ಎಳೆಯುವ ದಂಡೆಯಿಂದ ಒಂದು ಕೈಚೀಲ ಮರಳು ತಂದು ನಿಂಬೆಹಣ್ಣು ಹಿಂಡಿದಳು. ಚಿಪ್ಪಿನ ಚೂರು ತುಂಬಿದ ಮರಳು ಬುಸ್ಸೆಂದು ನೊರೆಯಾಯಿತು. ಎಸೆದಳು. ಕೆಳಮನೆಯವರ ಬಚ್ಚಲು ರಿಪೇರಿಯಲ್ಲಿ ಉಳಿದ ಮರಳಿನ ಮೂಟೆ ಕಾವಲುಗಾರನ ಕುರ್ಚಿಯ ಹಿಂದಿತ್ತು. ಅದಕ್ಕೂ ಹಿಂಡಿದಳು, ಮರಳು ಜಪ್ಪಯ್ಯ ಎನ್ನಲಿಲ್ಲ. ಹದಿನಾಲ್ಕು ನೀರಿನಲ್ಲಿ ತೊಳೆದು ಒಪ್ಪಿಕೊಂಡಳು. ನರ್ಸರಿಯ ಕುಂಡದ ಮಣ್ಣು ತಂದು ಜರಡಿ ಹಿಡಿದಳು. ಮನೆಯಲ್ಲಿ ನಿಂಬೆಹಣ್ಣಿನ ಖರ್ಚು ನೋಡಿ ಸಂಜೀವ ಚಿತ್ರಾನ್ನ ಯಾವಾಗ ಎಂದು ಕೇಳತೊಡಗಿದ.

ಉಳಿದದ್ದು ಜೇಡಿಮಣ್ಣು. ಪೆರಂಬೂರಿನಲ್ಲಿ ಜೇಡಿಮಣ್ಣು ಎಲ್ಲಿ ಸಿಗಬೇಕು? ಗಣಪತಿ ಮಾಡುವವರು ಬರಲು ಇನ್ನೂ ಸಮಯವಿತ್ತು. ಆಗ ಅವಳಿಗೆ ದೇವರ ಮನೆಯ ಬಿಸ್ಕತ್ತಿನ ಡಬ್ಬಿ ನೆನಪಾಯಿತು.

ಮಾಧ್ವರ ಮನೆಯಲ್ಲಿ ಗೋಪೀಚಂದನಕ್ಕೆ ಬರವಿಲ್ಲ. ಉಡುಪಿಗೆ ಹೋದವರು ಒಂದು ಗಡ್ಡೆ, ದ್ವಾರಕೆಗೆ ಹೋದವರು ನಾಲ್ಕು ಗಡ್ಡೆ, ಉಪನಯನಕ್ಕೆ ಬಂದವರು ಒಂದು ಗಡ್ಡೆ ಎಂದು ಹಳದಿ ಮಣ್ಣಿನ ಗಡ್ಡೆಗಳು ಬಂದು ಬೀಳುತ್ತಲೇ ಇರುತ್ತವೆ. ನಾಮ ಹಚ್ಚಿಕೊಳ್ಳುವವನು ಸಂಜೀವ ಒಬ್ಬ, ಅವನಿಗೆ ಒಂದು ಗಡ್ಡೆ ವರ್ಷಕ್ಕಾಗುತ್ತದೆ. ಡಬ್ಬಿಯಲ್ಲಿ ಮೂವತ್ತೆಂಟಿದ್ದವು. ಜೇಡಿಯೇ ತಾನೆ, ನುಣ್ಣಗೂ ಇದೆ, ಮನೆಯಲ್ಲೇ ಇದೆ ಎಂದು ಹತ್ತು ಗಡ್ಡೆ ಕುಟ್ಟಿ ಮಣ್ಣಿಗೆ ಬೆರೆಸಿಬಿಟ್ಟಳು. ಕಂಡಕಂಡ ಮರಳಿಗೆಲ್ಲ ನಿಂಬೆಹಣ್ಣು ಹಿಂಡಿದವಳು ಇದಕ್ಕೊಂದು ಲೋಟ ನೀರು ಹಾಕಿ ಕೂಡ ನೋಡಲಿಲ್ಲ. ದೇವರ ವಸ್ತುವನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೆ?

ನೀರು ಬಿಟ್ಟ ಅರ್ಧ ಗಂಟೆಗೆ ತೊಟ್ಟಿ ಬೆಳ್ಳಗಾಯಿತು. ಕೆಳಗೆ ಕೂರಲಿ ಎಂದು ಒಂದು ದಿನ ಬಿಟ್ಟಳು, ಮೂರು ದಿನ ಬಿಟ್ಟಳು, ಹತ್ತು ದಿನ ಬಿಟ್ಟಳು. ಹಣೆಯ ಮೇಲೆ ಗೆರೆ ಎಳೆದರೆ ಸಂಜೆ ತನಕ ನಿಲ್ಲುವಷ್ಟು ನುಣುಪಾದ ಆ ಪುಡಿ ನೀರಿನಲ್ಲಿ ಕೂರಲೇ ಇಲ್ಲ. ಬೆಳಕು ಕಾಣದ ಹೈಡ್ರಿಲಾ ತಲೆ ಬಾಗಿ ಕರಗಿತು. ಅಕ್ಷಯಾ ವಿಡಿಯೋ ತೆಗೆದು ಬಂಧುಗಳ ಗ್ರೂಪಿಗೆ ಹಾಕಿದಳು. ಕಿಟ್ಟು ಕೂಡಲೇ ಬರೆದ: ಕ್ಷೀರವ್ರತಕ್ಕೆ ಇನ್ನೂ ದಿನವಿದೆ, ಅಷ್ಟರಲ್ಲೇ ಅತ್ತಿಗೆ ಮನೆಯಲ್ಲಿ ಕ್ಷೀರಸಾಗರ, ಶೇಷಶಯನನನ್ನು ಯಾವಾಗ ತರಿಸಲಿ? ಕೆಳಗೆ ನಗುವ ಮುಖಗಳ ಸಾಲು. ಮೈಸೂರಿನಿಂದ, ಪುಣೆಯಿಂದ, ಅವಳು ಮದುವೆಯಲ್ಲಿ ಒಮ್ಮೆ ನೋಡಿದ್ದ ಯಾರು ಯಾರೋ ನಕ್ಕಿದ್ದರು. ಜಲಜಾಕ್ಷಿ ಪ್ರತಿಯೊಂದು ಹೆಸರನ್ನೂ ಓದಿದಳು, ಮರೆಯಲಿಲ್ಲ.

ಹತ್ತೊಂಬತ್ತನೆಯ ದಿನ ಭೀಮಾಬಾಯಿ ಡಬ್ಬಿ ತೆಗೆದು ಎಣಿಸಿದರು. ಆಮೇಲೆ ಹಾಲಿಗೆ ಬಂದು ತೊಟ್ಟಿಯನ್ನು ನೋಡಿದರು. ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಬೈಯಲೂ ಇಲ್ಲ, ಬೈದಿದ್ದರೆ ವಾಸಿಯಾಗುತ್ತಿತ್ತು. ಆ ನೀರು ಬಚ್ಚಲಿಗೆ ಹೋಗಕೂಡದು, ಯಾರೂ ತುಳಿಯದ ಜಾಗಕ್ಕೆ ಹೋಗಬೇಕು ಎಂದಷ್ಟೇ ಅಪ್ಪಣೆಯಾಯಿತು. ಹಾಗೆ ಎರಡನೆಯ ಮಹಡಿಯಿಂದ ಕೆಳಗೆ ತೆಂಗಿನ ಮರದ ಬುಡಕ್ಕೆ, ಲಿಫ್ಟಿನಲ್ಲಿ ಚೆಲ್ಲಬಾರದೆಂದು ಮೆಟ್ಟಿಲಿಳಿದು, ಜಲಜಾಕ್ಷಿ ಹದಿನೇಳು ಬಕೆಟ್ ಹೊತ್ತಳು. ಮೂರನೆಯ ಬಕೆಟ್ಟಿಗೆ ಅಕ್ಷಯಾ, "ಅಮ್ಮಾ, ಪೋದುಮ್. ಚಿತ್ತಪ್ಪಾನೇ ಸೆಟ್ ಮಾಡ್ಲಿ ಬಿಡು," ಎಂದಳು, ಸಾಕು, ಚಿಕ್ಕಪ್ಪನೇ ಮಾಡಲಿ ಎಂದು. ಸಂಜೀವನೂ ಅದನ್ನೇ ಹೇಳಿದ, ಅವನಿಗೆ ಗೊತ್ತಿದೆ, ನಿನಗ್ಯಾಕೆ ಈ ಉಸಾಬರಿ ಎಂದು. ಜಲಜಾಕ್ಷಿ ನಾಲ್ಕನೆಯ ಬಕೆಟ್ ಎತ್ತಿದಳು. ಸೊಂಟ ಹಿಡಿದುಕೊಂಡಿತ್ತು. ಅವಳಿಗೆ ಅಳು ಬರಬೇಕಾಗಿತ್ತು, ಬಂದದ್ದು ಸಿಟ್ಟು. ತಪ್ಪು ಮಾಡಿದ್ದೇನೆ ನಿಜ. ಆದರೆ ಈ ತಪ್ಪು ನನ್ನದು, ಮೂವತ್ತೊಂದು ವರ್ಷದಲ್ಲಿ ಇನ್ನೊಬ್ಬರ ತಪ್ಪನ್ನೇ ಒರೆಸಿದವಳು ಮೊದಲ ಸಲ ನನ್ನದನ್ನು ನಾನು ಒರೆಸುತ್ತಿದ್ದೇನೆ ಎಂದುಕೊಂಡಳು. ಹದಿನೇಳನೆಯದನ್ನು ಸುರಿದು ಮೇಲೆ ಬಂದವಳಿಗೆ ಉಳಿದದ್ದು ಇಪ್ಪತ್ತೊಂಬತ್ತು ದಿನ ಮತ್ತು ಖಾಲಿ ತೊಟ್ಟಿ.

ಖಾಲಿ ಬಕೆಟ್ ಬೋರಲು ಹಾಕಲೆಂದು ಬಾಲ್ಕನಿಗೆ ಹೋದಾಗ ಅದರ ಅಂಚಿಗೆ ಆ ಮೂಟೆ ತಗುಲಿತು.

ಅದು ಎರಡು ವರ್ಷದಿಂದ ಅಲ್ಲೇ ಇತ್ತು. ಭೀಮಾಬಾಯಿಯ ಬೃಂದಾವನದಲ್ಲಿದ್ದ ಹಳೆಯ ತುಳಸಿ ಒಣಗಿದಾಗ ಹೊಸ ಸಸಿಗೆ ಹೊಸ ಮಣ್ಣು ಹಾಕಿದರು. ಒಣಗಿದ ಕಡ್ಡಿ ಮಣಿಗಾಯಿತು, ಒಂದು ಹಿಡಿ ಮಣ್ಣು ಹಣೆಗಿಡುವ ಮೃತ್ತಿಕೆಗೆಂದು ಬೆಳ್ಳಿ ಬಟ್ಟಲಿಗೆ ಹೋಯಿತು. ಉಳಿದದ್ದನ್ನು ಎಲ್ಲಿ ಹಾಕುವುದು? ತುಳಸಿಯ ಮಣ್ಣು ಕಾಲಿಗೆ ತಾಕಬಾರದು, ಹರಿಯುವ ನೀರಿಗೆ ಬಿಡಬೇಕು. ಈ ಊರಿನ ಹರಿಯುವ ನೀರೆಂದರೆ ಕೂವಂ, ಅದಕ್ಕೆ ಹಾಕುವುದುಂಟೆ! ಶ್ರೀರಂಗಕ್ಕೆ ಹೋದಾಗ ಕಾವೇರಿಗೆ ಬಿಡುತ್ತೇನೆ ಎಂದು ಸಂಜೀವ ಗೋಣಿಯಲ್ಲಿ ಕಟ್ಟಿಟ್ಟ. ಶ್ರೀರಂಗ ಅಲ್ಲೇ ಇತ್ತು, ಕಾವೇರಿ ಅಲ್ಲೇ ಇತ್ತು, ಮೂಟೆಯೂ ಇಲ್ಲೇ ಇತ್ತು. ಎರಡು ಮಳೆಗಾಲ ನೆನೆದು, ಎರಡು ಬೇಸಿಗೆ ಒಣಗಿತ್ತು.

ಜಲಜಾಕ್ಷಿ ಕುಕ್ಕರುಗಾಲಿನಲ್ಲಿ ಕೂತು ಗೋಣಿಯ ಬಾಯಿ ಬಿಚ್ಚಿದಳು. ಕಪ್ಪು, ಹಗುರ, ಹಳೆಯ ಮಣ್ಣು. ಮೂಸಿ ನೋಡಿದಳು, ಗೊಬ್ಬರದ ವಾಸನೆ ಒಂದಿಷ್ಟೂ ಇಲ್ಲ. ಹಲವು ಸಲ ನೆನೆದು ಹಲವು ಸಲ ಒಣಗಿದ್ದು ಎಂದು ಸೆಲ್ವಿ ಹೇಳಿದ್ದು ಇದನ್ನೇ. ಈ ಸಲ ಅವಳು ದೇವರ ವಸ್ತು ಎಂದು ಬಿಡಲಿಲ್ಲ. ಒಂದು ಚಿಟಿಕೆ ತೆಗೆದು ನಿಂಬೆರಸ ಬಿಟ್ಟಳು, ನೊರೆಯಿಲ್ಲ. ಒಂದು ಹಿಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಬೆಳಗಾಗುವುದರಲ್ಲಿ ಮಣ್ಣು ಕೆಳಗೆ ಕೂತು, ಮೇಲೆ ತೆಳು ಚಹಾದ ಬಣ್ಣದ ತಿಳಿನೀರು ನಿಂತಿತ್ತು.

ಆ ಲೋಟ ಹಿಡಿದುಕೊಂಡೇ ಅತ್ತೆಯ ಹತ್ತಿರ ಹೋದಳು. ಭೀಮಾಬಾಯಿ ಬತ್ತಿ ಹೊಸೆಯುತ್ತಿದ್ದರು. ಗೋಪೀಚಂದನದ ವಿಷಯವಾದ ಮೇಲೆ ಇಬ್ಬರಿಗೂ ಮಾತಿರಲಿಲ್ಲ. ಕದ್ದು ಹಾಕಿಬಿಡಬಹುದಾಗಿತ್ತು, ಆದರೆ ಒಮ್ಮೆ ಕೇಳದೆ ತೆಗೆದದ್ದಾಗಿತ್ತು, ಎರಡನೆಯ ಸಲ ಕೇಳಿಯೇ ತೆಗೆಯುವುದು, ಬೇಡವೆಂದರೆ ಎದುರಿಗೇ ಜಗಳವಾಡುವುದು ಎಂದು ನಿಶ್ಚಯಿಸಿ ಬಂದಿದ್ದಳು.

"ಅತ್ತೆ, ಬೃಂದಾವನದ ಮಣ್ಣು ನೀರಿಗೇ ತಾನೆ ಬಿಡಬೇಕು?"

"ನೀರಿಗೇ. ಕಾಲು ತಾಕಬಾರದು."

"ನನ್ನ ತೊಟ್ಟೀಲಿ ಯಾರ ಕಾಲೂ ತಾಕಲ್ಲ."

ಭೀಮಾಬಾಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಲೋಟವನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ನಡುವೆ ಮೀನು ಬರುತ್ತದಲ್ಲ ಎಂದು ಕೇಳಿದರು. ಕಾವೇರಿಯಲ್ಲೂ ಮೀನಿದೆ ಎಂದಳು ಜಲಜಾಕ್ಷಿ. ಅವರು ಲೋಟ ಕೆಳಗಿಟ್ಟರು.

"ಎಂಜಲು ಕೈ, ಮುಸುರೆ ಕೈ ಎಲ್ಲಾ ಅದ್ದುತಾರೆ."

"ನನ್ನದು ಬಿಟ್ಟು ಇನ್ನೊಂದು ಕೈ ಅದರೊಳಗೆ ಬರಲ್ಲ. ನಾನು ಬಿಡಲ್ಲ."

ಮುದುಕಿ ಸೊಸೆಯ ಮುಖವನ್ನು ತುಸು ಹೊತ್ತು ನೋಡಿದರು. ಈ ಮನೆಗೆ ಬಂದ ಮೇಲೆ ಅವಳು ನಾನು ಬಿಡಲ್ಲ ಎಂಬ ಮಾತನ್ನು ಯಾವುದಕ್ಕೂ ಆಡಿದ್ದು ಅವರಿಗೆ ನೆನಪಿರಲಿಲ್ಲ.

"ನಿನ್ನ ಗಂಡ ಎರಡು ವರ್ಷದಿಂದ ಕಾವೇರಿಗೆ ಒಯ್ತೀನಿ ಅಂತಾನೇ ಇದ್ದಾನೆ. ಆ ಮೂಟೆಗೆ ಮುಂಚೆ ನಾನೇ ಹೊರಟುಬಿಡ್ತೀನಿ ಅಂತ ಕಾಣತ್ತೆ. ಹಾಕು. ಆದ್ರೆ ಜರಡಿ ನಂದು, ಹಿಡಿಯೋಳೂ ನಾನೇ."

ಹಿಡಿದರು ಕೂಡ. ಮಡಿಸೀರೆ ಉಟ್ಟು, ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು, ಮಣ್ಣಿನ ಕಣವೊಂದು ಅಂಗಾಲಿಗೆ ಸಿಡಿಯದಂತೆ ಬಾಳೆಲೆ ಹಾಸಿ, ಮೂಟೆಯಷ್ಟನ್ನೂ ಒಂದೇ ದಿನದಲ್ಲಿ ಜರಡಿ ಹಿಡಿದರು. ಬೇರಿನ ಚೂರು, ಕಲ್ಲು, ಯಾವ ಕಾಲದ್ದೋ ಒಂದು ಹಿತ್ತಾಳೆ ಗೆಜ್ಜೆ ಎಲ್ಲ ಬೇರೆಯಾದವು. ಸಂಜೀವ ಆಫೀಸಿನಿಂದ ಬಂದವನು ಅಮ್ಮನನ್ನೂ ಹೆಂಡತಿಯನ್ನೂ ಒಟ್ಟಿಗೆ ಮಣ್ಣುಕೈಯಲ್ಲಿ ನೋಡಿ, ಬಟ್ಟೆ ಬದಲಿಸಲು ಹೋದ. ಒಂದಂಗುಲ ಮಣ್ಣು, ಒಂದೂವರೆ ಅಂಗುಲ ಮರಳು. ಮರಳಿನ ಮೇಲೆ ತಟ್ಟೆಯಿಟ್ಟು ಅದರ ಮೇಲೆ ಚೊಂಬು ಚೊಂಬಾಗಿ ನೀರು. ಜೇಡಿಮಣ್ಣಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಸೆಲ್ವಿ ಗಿಡ ಮತ್ತೆ ಕೊಟ್ಟಳು, ಮೊದಲನೆಯದು ಏನಾಯಿತೆಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿಗೆ ಜಲಜಾಕ್ಷಿಯೂ ನಕ್ಕಳು.

ಮೊದಲ ವಾರ ನೀರು ಚಹಾದ ಬಣ್ಣ. ದಿನಾ ಎರಡು ಬಕೆಟ್ ಬದಲಿಸಿದಳು, ಹಳೆಯ ನೀರು ತೆಂಗಿನ ಮರಕ್ಕೆ. ಎರಡನೆಯ ವಾರ ಬಣ್ಣ ತಿಳಿಯಾಯಿತು, ಗಿಡಗಳು ಹಾಗೇ ನಿಂತಿದ್ದವು, ಬದುಕಿವೆಯೋ ಇಲ್ಲವೋ ಹೇಳುವಂತಿರಲಿಲ್ಲ. ಆ ವಾರ ಅವಳಿಗೆ ಊಟ ಸೇರಲಿಲ್ಲ. ಮೂರನೆಯ ವಾರ ಗಾಜಿನ ಅಂಚಿನಲ್ಲಿ, ಕಪ್ಪು ಮಣ್ಣಿನ ಪಟ್ಟಿಯಲ್ಲಿ, ದಾರದೆಳೆಯಷ್ಟು ಬಿಳಿಯ ಬೇರೊಂದು ಕಂಡಿತು. ಜಲಜಾಕ್ಷಿ ಯಾರನ್ನೂ ಕರೆಯಲಿಲ್ಲ, ನೆಲದ ಮೇಲೆ ಕೂತು ತಾನೊಬ್ಬಳೇ ನೋಡಿದಳು. ಅವಳಿಗೆ ಎಷ್ಟೋ ವರ್ಷದ ಮೇಲೆ ಹೊಟ್ಟೆತುಂಬ ಸಂತೋಷವಾಯಿತು. ನಲವತ್ತೆರಡನೆಯ ದಿನ ಆರು ಪುಟ್ಟ ಗಪ್ಪಿ ಮೀನು ಬಂದವು.

ನಲವತ್ತೆಂಟನೆಯ ದಿನ ಭಾನುವಾರ. ಕಿಟ್ಟು ಬಂದ, ಲಿಫ್ಟಿನಿಂದ ಮೂರು ಚೀಲ ಇಳಿಸಿ ಬಾಗಿಲ ಹೊರಗೆ ಸಾಲಾಗಿ ನಿಲ್ಲಿಸಿದ, ಜೇಬಿನಲ್ಲಿ ಉದ್ದನೆಯ ಸ್ಟೀಲಿನ ಚಿಮುಟವೂ ಇತ್ತು. ಗ್ರೂಪಿನಲ್ಲಿ ಯಾರೂ ಹೊಸ ವಿಡಿಯೋ ಹಾಕಿರಲಿಲ್ಲ, ಹಾಕಕೂಡದೆಂದು ಜಲಜಾಕ್ಷಿ ಮಗಳಿಗೆ ಹೇಳಿದ್ದಳು. ಕೂವಂ ಹೇಗಿದೆ ಅತ್ತಿಗೆ ಎನ್ನುತ್ತ ಒಳಗೆ ಬಂದವನು ಸೋಫಾವನ್ನು ತಳ್ಳಲು ಬಗ್ಗಿದ, ಹಾಗೇ ನಿಂತ.

ಕಿಟಕಿಯ ಬಿಸಿಲು ತೊಟ್ಟಿಯೊಳಗೆ ಓರೆಯಾಗಿ ಬಿದ್ದಿತ್ತು. ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ವಲ್ಲಿಸ್ನೇರಿಯಾ ಮೇಲಿನ ತನಕ ಬೆಳೆದು ಬಾಗಿತ್ತು, ಹೈಡ್ರಿಲಾದ ಎಲೆಯೆಲೆಯಿಂದ ಗುಳ್ಳೆಯ ಸಾಲು ಮೇಲೇರುತ್ತಿತ್ತು. ಜಲಜಾಕ್ಷಿ ಬೆಳಿಗ್ಗೆಯೇ ಎಣಿಸಿದ್ದಳು, ನಿಮಿಷಕ್ಕೆ ಮೂವತ್ತನಾಲ್ಕು. ಕಿಟ್ಟು ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಕಪ್ಪು ಪಟ್ಟಿಯನ್ನೂ ಅದರಲ್ಲಿ ಹೆಣೆದುಕೊಂಡ ಬೇರುಗಳನ್ನೂ ನೋಡಿದ. ಯಾವ ಕಂಪನಿಯದು ಎಂದು ಕೇಳಿದ. ಮಣ್ಣು ಎಂದಳು ಜಲಜಾಕ್ಷಿ. ಅಲ್ಲ ಅತ್ತಿಗೆ, ಬ್ರ್ಯಾಂಡ್ ಎಂದ. ಮಣ್ಣು ಎಂದಳು.

ಊಟಕ್ಕೆ ಕೂತಾಗ ಕಿಟ್ಟು ಮಾತಾಡಲಿಲ್ಲ. ದಧಿವ್ರತದ ತಿಂಗಳು ಶುರುವಾಗಿ ಮೊಸರೂ ಇಲ್ಲದ ಊಟ, ಆ ದೂರನ್ನೂ ಹೇಳಲಿಲ್ಲ. ಆದರೆ ಎದ್ದು ಕೈ ತೊಳೆದು ಬರುವಷ್ಟರಲ್ಲಿ ಅವನಿಗೆ ತನ್ನ ದನಿ ಸಿಕ್ಕಿತ್ತು. ಅದೃಷ್ಟಕ್ಕೆ ಬಂದಿದೆ, ಪರವಾಗಿಲ್ಲ, ಆದರೆ ಜೋಡಣೆ ಸರಿಯಿಲ್ಲ. ಎತ್ತರದ ಗಿಡ ಎಡಕ್ಕೆ ಹೋಗಬೇಕು, ನಡುವೆ ಜಾಗ ಬಿಡಬೇಕು, ಎರಡು ನಿಮಿಷದ ಕೆಲಸ, ತಾನೇ ಮಾಡಿಬಿಡುತ್ತೇನೆ ಎನ್ನುತ್ತ ಅಂಗಿಯ ತೋಳು ಮಡಿಸಿದ. ಬಾಗಿಲಾಚೆಯ ಚೀಲದಿಂದ ಒಂದಿಷ್ಟು ಕಾಳು ಮೇಲೆ ಚಿಮುಕಿಸಿದರೆ ನೋಡಲೂ ಚೆನ್ನ ಎಂದ. ಸಂಜೀವ ಸೋಫಾದಿಂದಲೇ, "ಮಾಡ್ಲಿ ಬಿಡು ಜಲಜಾ, ಅವನಿಗೆ ಗೊತ್ತಿದೆ," ಎಂದ. ಭೀಮಾಬಾಯಿ ತಮ್ಮ ಸ್ಟೂಲಿನ ಮೇಲೆ ನೆಟ್ಟಗೆ ಕೂತರು. ಸೊಸೆಯ ಕಡೆ ನೋಡಿದರು.

ಕಿಟ್ಟುವಿನ ಕೈ ಮೊಣಕೈ ತನಕ ನೀರಿಗಿಳಿಯಿತು. ಗಪ್ಪಿಗಳು ಚದುರಿ ಮೂಲೆಗೆ ಓಡಿದವು. ಚಿಮುಟ ಹೈಡ್ರಿಲಾದ ಬುಡವನ್ನು ಹುಡುಕುತ್ತಿತ್ತು. ಗಾಜು, ಗಾಜಿನಾಚೆಯಿಂದ ಒಳಗೆ ಬಂದ ತೋಳು, ಬೇರೆಯವರ ಮೇಜಿನ ಮೇಲೆ ಆಡುವ ಬೆರಳು. ಜಲಜಾಕ್ಷಿ ಇದನ್ನು ಇಪ್ಪತ್ತಾರು ವರ್ಷ ನೋಡಿದ್ದಳು.

"ಕೈಯ ಎಡುಂಗ ಸಾರ್."

ಏರದ ಇಳಿಯದ ದನಿ. ಆ ಹಾಲಿನಲ್ಲಿ ಆ ದನಿಯನ್ನು ಯಾರೂ ಕೇಳಿರಲಿಲ್ಲ. ಅಕ್ಷಯಾ ಫೋನಿನಿಂದ ತಲೆ ಎತ್ತಿದಳು. ಸಂಜೀವ ಸೋಫಾದಲ್ಲಿ ಮುಂದೆ ಸರಿದು ಕೂತ. ತನ್ನ ಅತ್ತಿಗೆ ತನ್ನನ್ನು ಸಾರ್ ಎಂದದ್ದು ಕಿಟ್ಟುವಿಗೆ ಮೊದಲು ತಮಾಷೆ ಅನ್ನಿಸಿ ನಗಲು ಹೋದ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಅವಳು ಎರಡನೆಯ ಸಲ ಹೇಳಲೂ ಇಲ್ಲ, ಎರಡನೆಯ ಸಲ ಹೇಳುವ ಅಭ್ಯಾಸ ಅವಳಿಗೆ ಇರಲೇ ಇಲ್ಲ. ಕಾದಳು.

ಕಿಟ್ಟು ಕೈ ತೆಗೆದ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತ ನಿಂತವನಿಗೆ ಯಾರೂ ಟವಲ್ ಕೊಡಲಿಲ್ಲ. ಬಾಗಿಲ ಕಡೆ ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಪ್ಯಾಂಟಿಗೇ ಒರೆಸಿಕೊಂಡ.

"ನೆಕ್ಸ್ಟ್," ಎಂದಳು ಜಲಜಾಕ್ಷಿ.

ಭೀಮಾಬಾಯಿ ತಮ್ಮ ಸರದಿ ಬಂತೆನ್ನುವಂತೆ ಎದ್ದು, ಸ್ಟೂಲನ್ನು ಕರಕರ ಎಳೆದುಕೊಂಡು ಬಂದು, ತೊಟ್ಟಿಯ ಎದುರಿಗೆ ಹಾಕಿಕೊಂಡು ಕೂತರು. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದರು.